ಡ್ರೈವರ್ ಸರಿಯಿದ್ದಾರೆ, ಡ್ರೈವರ್ ಸರಿಯಿಲ್ಲ

ಬೆಳಗಿನ ಐದೂವರೆ. ಬೀದಿಗೆ ಹಾಲಿನವನೂ ಬಂದಿಲ್ಲ, ಪೇಪರಿನವನೂ ಬಂದಿಲ್ಲ. ಅರ್ಧ ಎತ್ತಿದ ಷಟರಿನ ಕೆಳಗಿಂದ ಒಂದು ಪಟ್ಟಿ ಬೆಳಕು ರಸ್ತೆಗೆ ಬಿದ್ದಿದೆ. ಬಗ್ಗಿ ಒಳಗೆ ಹೋದರೆ, ಮೇಜಿನ ಮೇಲಿಟ್ಟ ಫೋನಿನಿಂದ ಗಂಡಸಿನ ದನಿಯೊಂದು ಬಲು ಗಂಭೀರವಾಗಿ ಹೇಳುತ್ತಿದೆ: "ಗುರ್ರ್ರ್… ಟಕ್."

"ಟಕ್ ಒಂದೇ ಸಲಾನಾ ಸಾರ್, ಮತ್ತೆ ಮತ್ತೆ ಬರುತ್ತಾ?" ಎನ್ನುತ್ತಾರೆ ಮೇಜಿನ ಹಿಂದೆ ಕೂತ ಹೆಂಗಸು.

"ಮತ್ತೆ ಮತ್ತೆ ಬರುತ್ತೆ ಅಕ್ಕ."

"ಹಾಗಾದ್ರೆ ಮತ್ತೆ ಮತ್ತೆ ಮಾಡಿ."

ಫೋನ್ ಮಾಡಿದವರು ಒಬ್ಬ ಬ್ಯಾಂಕ್ ಮ್ಯಾನೇಜರ್. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ಅತ್ತೆ ಬೇರೆ ಬಂದಿದ್ದಾರೆ ಎಂದು ಪಿಸುಗುಡುತ್ತಾರೆ. "ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಳ್ಳಿ" ಎಂಬ ಸಲಹೆ ಹೋಗುತ್ತದೆ. ಚಿಲಕದ ಸದ್ದು ಕೇಳುತ್ತದೆ. ಆಮೇಲೆ ಪ್ರತಿಧ್ವನಿ ಸಮೇತ: "ಗುರ್ರ್ರ್ ಟಕ್, ಗುರ್ರ್ರ್ ಟಕ್, ಗುರ್ರ್ರ್ ಟಕ್."

ಹೆಂಗಸು ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ ಕೇಳುತ್ತಾರೆ. "ಬೇರಿಂಗ್ ಹೋಗಿಲ್ಲ. ಒಳಗೆ ಒಂದು ವೈರು ಜಾಗ ಬಿಟ್ಟು ಬಂದು ಫ್ಯಾನಿನ ರೆಕ್ಕೆಗೆ ತಗಲ್ತಿದೆ. ಗಿರಣಿ ಶುರುವಾಗೋ ಮುಂಚೆ ತಗೊಂಡು ಬನ್ನಿ. ಅಂದ ಹಾಗೆ, ನಿಮ್ಮ ಟಕ್ ಬಹಳ ಸ್ಪಷ್ಟವಾಗಿತ್ತು ಸಾರ್."

"ಥ್ಯಾಂಕ್ಸ್ ಅಕ್ಕ" ಎನ್ನುವ ಮ್ಯಾನೇಜರ ದನಿಯಲ್ಲಿ ಬಡ್ತಿ ಸಿಕ್ಕಷ್ಟು ಸಂತೋಷ.

ಇವರು ಫ್ಯಾನಕ್ಕ. ವಯಸ್ಸು ಐವತ್ತೊಂದು. ಗೇಮಿಂಗ್ ಲ್ಯಾಪ್‌ಟಾಪ್ ರಿಪೇರಿ ಇವರ ಕಸುಬು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಗೇಮಿಂಗ್ ಲ್ಯಾಪ್‌ಟಾಪ್ ಎಂದರೆ ತೊಡೆಯ ಮೇಲೆ ಇಟ್ಟುಕೊಳ್ಳುವ ಒಲೆ. ಆಟದೊಳಗಿನ ಕಾರು, ಬೆಂಕಿ, ಯುದ್ಧ ಎಲ್ಲವನ್ನೂ ಕ್ಷಣಕ್ಷಣಕ್ಕೆ ಬರೆದು ತೋರಿಸಬೇಕಾದ್ದರಿಂದ ಅದರ ತಲೆ ಸದಾ ಬಿಸಿ. ಆ ಬಿಸಿ ಇಳಿಸಲು ಒಳಗೆ ಎರಡು ಪುಟ್ಟ ಫ್ಯಾನು. ಆಟವಾಡುವವರು ಆಟದ ಫ್ಯಾನುಗಳು, ಇವರು ಮಾತ್ರ ಬರೀ ಫ್ಯಾನಿನ ಫ್ಯಾನು. ಇಂಥವರನ್ನು ಎಲೆಮರೆಯ ಕಾಯಿ ಎನ್ನುವುದು ವಾಡಿಕೆ. ಫ್ಯಾನಕ್ಕ ರೆಕ್ಕೆಮರೆಯ ಕಿವಿ.

ಅಂಗಡಿಯ ಕಾನೂನು ಒಂದೇ: ರೋಗದ ಹೆಸರು ಹೇಳಬೇಡಿ, ಸದ್ದು ಮಾಡಿ ತೋರಿಸಿ. "ಜನ ಬಂದು ಮದರ್‌ಬೋರ್ಡ್ ಹೋಗಿದೆ, ರ‍್ಯಾಮ್ ಹೋಗಿದೆ ಅಂತಾರೆ. ಅವರಿಗೆ ಯಾರೋ ಹೇಳಿರ್ತಾರೆ, ಅವರಿಗೆ ಇನ್ಯಾರೋ. ಸದ್ದು ಹಾಗಲ್ಲ, ಅದನ್ನ ಸ್ವಂತ ಕಿವೀಲಿ ಕೇಳಿರ್ತಾರೆ. ಬಾಯಿ ಸುಳ್ಳು ಹೇಳಬಹುದು, ಗುರ್ರ್ ಅನ್ನೋವಾಗ ಯಾರೂ ಸುಳ್ಳು ಹೇಳಲ್ಲ" ಎನ್ನುವುದು ಅವರ ಸಿದ್ಧಾಂತ. ಹೀಗಾಗಿ ಊರಿನ ಗಣ್ಯರೆಲ್ಲ ಈ ಹತ್ತಡಿ ಉದ್ದ ಎಂಟಡಿ ಅಗಲದ ಕೋಣೆಯಲ್ಲಿ ಒಮ್ಮೆಯಾದರೂ ಕೂಗಿ, ಗೊರಕೆ ಹೊಡೆದು, ಕಿರುಚಿ ಹೋಗಿದ್ದಾರೆ. ಹಲ್ಲಿನ ಡಾಕ್ಟರು ತಮ್ಮ ಯಂತ್ರದ ಸದ್ದು ಮಾಡಿದಾಗ ಬೆಂಚಿನ ಮೇಲಿದ್ದ ಇಬ್ಬರು ದವಡೆ ಹಿಡಿದುಕೊಂಡರಂತೆ. ಕಾಲೇಜಿನ ಮೇಷ್ಟ್ರೊಬ್ಬರು ಸದ್ದಿಗೆ ಮೊದಲು ಐದು ನಿಮಿಷ ಪೀಠಿಕೆ ಹಾಕಿದರಂತೆ. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದು, ಗಂಡ ಗುರ್ರ್ ಎಂದು ಹೆಂಡತಿ ಟಕ್ ಎಂದು, ಟಕ್ ಎಲ್ಲಿ ಬೀಳಬೇಕು ಎಂಬ ಬಗ್ಗೆ ಅಲ್ಲೇ ಜಗಳವಾಗಿ, ಲ್ಯಾಪ್‌ಟಾಪ್ ಬಿಟ್ಟು ಬೇರೆ ಬೇರೆ ಆಟೊ ಹಿಡಿದರಂತೆ. "ಟಕ್ ಹೆಂಡತಿ ಹೇಳಿದ ಕಡೆಯೇ ಇತ್ತು" ಎಂದು ಫ್ಯಾನಕ್ಕ ತೀರ್ಪು ಕೊಡುತ್ತಾರೆ.

ಬೆಳಗಿನ ಜಾವವೇ ಯಾಕೆ ಎಂದರೆ, ಗೋಡೆಯಾಚೆ ಹಿಟ್ಟಿನ ಗಿರಣಿ ಇದೆ. ಎಂಟೂವರೆಗೆ ಅದು ಗಡಗಡ ಎಂದು ಶುರುವಾದರೆ ಸಂಜೆ ಆರರವರೆಗೆ ಇಡೀ ಬೀದಿಗೆ ಕಿವಿ ಇದ್ದೂ ಇಲ್ಲದಂತೆ. ಅದಕ್ಕೇ ದಿನವನ್ನು ಎರಡು ಹೋಳು ಮಾಡಿದ್ದಾರೆ. ಗಿರಣಿಗೆ ಮುಂಚೆ ಹಾರ್ಡ್‌ವೇರ್, ಅಂದರೆ ಕಿವಿಯ ಕೆಲಸ: ಫ್ಯಾನು, ಬಿಸಿ, ಸಡಿಲ ತಿರುಪು. ಗಿರಣಿ ಆದಮೇಲೆ ಸಾಫ್ಟ್‌ವೇರ್, ಕಣ್ಣಿನ ಕೆಲಸ: ನೀಲಿ ಪರದೆ, ಹಳದಿ ತ್ರಿಕೋನ, ಡ್ರೈವರು. ದಿನಕ್ಕೆ ಆರೇಳು ಲ್ಯಾಪ್‌ಟಾಪ್, ಒಂದೊಂದಕ್ಕೆ ಹನ್ನೊಂದರಿಂದ ಹದಿನಾಲ್ಕು ತಿರುಪು. ಬಿಚ್ಚಿದ ತಿರುಪುಗಳು ಮೊಟ್ಟೆಯ ಟ್ರೇಯಲ್ಲಿ, ಯಾವುದು ಎಲ್ಲಿತ್ತೋ ಅದೇ ಕ್ರಮದಲ್ಲಿ ಕೂರುತ್ತವೆ. ಲ್ಯಾಪ್‌ಟಾಪುಗಳ ಹೊಟ್ಟೆಯಲ್ಲಿ ಈವರೆಗೆ ಸಿಕ್ಕಿದ್ದು: ಬಿಸ್ಕತ್ತಿನ ಪುಡಿ, ಬೆಕ್ಕಿನ ಕೂದಲು, ಉಗುರು, ಒಂದು ಕಿವಿಯೋಲೆ, ತುಂಬು ಸಂಸಾರದ ಇರುವೆಗಳು. ಕಿವಿಯೋಲೆಯನ್ನು ವಾಪಸ್ ಕೊಟ್ಟಾಗ ಲ್ಯಾಪ್‌ಟಾಪಿನ ಯಜಮಾನ ಅದು ತನ್ನ ಮನೆಯದ್ದಲ್ಲ ಎಂದು ಬಹಳ ಬೇಗ ಹೇಳಿದನಂತೆ.

ಈ ಅಂಗಡಿ ಇವರ ತಂದೆಯದು. ಅವರು ಸೀಲಿಂಗ್ ಫ್ಯಾನುಗಳಿಗೆ ತಂತಿ ಸುತ್ತುತ್ತಿದ್ದರು. ಮಗಳು ಸ್ಕೂಲಿನಿಂದ ಬಂದವಳೇ ಅಲ್ಲಿ ಕೂತು, ತಿರುಗುವ ಫ್ಯಾನಿಗೆ ಕಿವಿ ಕೊಟ್ಟು, ಅಪ್ಪನಿಗಿಂತ ಮೊದಲು ರೋಗ ಹೇಳುತ್ತಿದ್ದಳು. ತಂದೆ ಹೋದ ಮೇಲೆ ತಂತಿ ಸುತ್ತುವ ಕೆಲಸ ಇವರ ಕೈಗೆ ಬಂತು. ಕೈಗೆ ಬಂದಿದ್ದು ಬಾಯಿಗೆ ಬರಲಿಲ್ಲ. ಕೆಟ್ಟ ಫ್ಯಾನನ್ನು ಎಸೆದು ಹೊಸದು ತರುವ ಕಾಲ ಶುರುವಾಗಿತ್ತು. ಇಡೀ ದಿನಕ್ಕೆ ಒಂದು ಮಿಕ್ಸಿ ಬಂದರೆ ಹೆಚ್ಚು.

ಆಗ ಕಾಪಾಡಿದ್ದು ಬೋರ್ಡು. ಅಪ್ಪ ಬರೆಸಿದ್ದು: 'ಎಲ್ಲ ಬಗೆಯ ಫ್ಯಾನ್ ರಿಪೇರಿ ಮಾಡಲಾಗುವುದು.' ಒಂದು ದಿನ ಒಬ್ಬ ಯುವಕ ಕಾಮನಬಿಲ್ಲಿನ ದೀಪಗಳು ಮಿಂಚುವ ಕಪ್ಪು ಲ್ಯಾಪ್‌ಟಾಪನ್ನು ತಂದು ಮೇಜಿನ ಮೇಲಿಟ್ಟ. "ಫ್ಯಾನ್ ಸದ್ದು ಮಾಡ್ತಿದೆ ಅಕ್ಕ."

"ಇದು ಕಂಪ್ಯೂಟರಪ್ಪ. ನನಗೆ ಬರಲ್ಲ."

"ಬೋರ್ಡಲ್ಲಿ ಎಲ್ಲ ಬಗೆಯ ಅಂತಿದೆಯಲ್ಲ ಅಕ್ಕ. ಇದೂ ಒಂದು ಬಗೆ ತಾನೆ."

"ಅಪ್ಪ ಬರೆಸಿದ ಮಾತು. ಸುಳ್ಳು ಮಾಡೋಕೆ ಮನಸ್ಸು ಬರಲಿಲ್ಲ. ಬಿಚ್ಚಿದೆ" ಎನ್ನುತ್ತಾರೆ ಫ್ಯಾನಕ್ಕ. ಫ್ಯಾನಿನ ಸದ್ದು ನಿಂತಿತು. ಲ್ಯಾಪ್‌ಟಾಪೂ ನಿಂತಿತು. ಕೊನೆಗೆ ಒಂದು ತಿರುಪು ಉಳಿದುಕೊಂಡಿತ್ತು, ಒಳಗಿನ ವೈರಿನ ಪಟ್ಟಿಯೊಂದು ಹರಿದಿತ್ತು. "ಮೊದಲನೇ ರೋಗಿ ಕೈಯಲ್ಲೇ ಹೋದ. ಆ ಹುಡುಗ ಬೈಯಲಿಲ್ಲ. ಸದ್ದಂತೂ ನಿಂತಿತಲ್ಲ ಅಕ್ಕ ಅಂದ. ಬೈದಿದ್ದರೆ ಅಲ್ಲಿಗೇ ಬಿಟ್ಟುಬಿಡ್ತಿದ್ದೆ. ಬೈಯಲಿಲ್ಲವಲ್ಲ, ಕಲಿಯಲೇಬೇಕಾಯ್ತು." ಒಂದು ವರ್ಷ ಗುಜರಿಯ ಲ್ಯಾಪ್‌ಟಾಪುಗಳನ್ನು ಬಿಚ್ಚುವುದು, ಜೋಡಿಸುವುದು. ಆ ಹುಡುಗನಿಗೆ ಗುಜರಿಯಿಂದಲೇ ಒಂದು ಹೊಸ ಯಂತ್ರ ಕಟ್ಟಿ ಕೊಟ್ಟ ಮೇಲಷ್ಟೇ ಬೇರೆಯವರ ಕೆಲಸ ಹಿಡಿದಿದ್ದು.

ಇಂಗ್ಲಿಷಿನ ದೋಷಸೂಚನೆಗಳು ಅವರಿಗೆ ಒಂದು ಪರೀಕ್ಷೆಯೇ ಆಯಿತು. ಅದಕ್ಕೊಂದು ನೋಟುಬುಕ್ಕು ಮಾಡಿದ್ದಾರೆ. ಕೋಡ್ ಹತ್ತು, ಅಂದರೆ ಒಳಗಿನ ಭಾಗವೊಂದು ಶುರುವೇ ಆಗುತ್ತಿಲ್ಲ. ಅದರ ಎದುರಿಗೆ 'ಏಳಲ್ಲ ಅಂತ ಹಠ' ಎಂದು ಬರೆದಿದೆ. ಕೋಡ್ ನಲವತ್ತಮೂರು, ಭಾಗವೇ ತೊಂದರೆ ಹೇಳಿಕೊಂಡು ನಿಂತಿದೆ: 'ಮುನಿಸು'. ಕೋಡ್ ಇಪ್ಪತ್ತೆಂಟು, ಡ್ರೈವರೇ ಇಲ್ಲ: 'ಗಾಡಿ ಇದೆ, ಡ್ರೈವರ್ ರಜಾ'.

ಇಲ್ಲಿ ಡ್ರೈವರ್ ಎಂಬ ಮಾತಿನ ಬಗ್ಗೆ ಎರಡು ಮಾತು. ಕಂಪ್ಯೂಟರಿನಲ್ಲಿ ಡ್ರೈವರ್ ಎಂದರೆ ಮನುಷ್ಯನಲ್ಲ, ಒಂದು ಸಣ್ಣ ಸಾಫ್ಟ್‌ವೇರು. ಯಂತ್ರದ ಒಂದೊಂದು ಭಾಗಕ್ಕೂ ಒಂದೊಂದು ಇರುತ್ತದೆ. ಪರದೆಗೊಂದು, ಸದ್ದಿಗೊಂದು. ಯಂತ್ರದ ಮಾತನ್ನು ಭಾಗಕ್ಕೆ, ಭಾಗದ ಮಾತನ್ನು ಯಂತ್ರಕ್ಕೆ ಮುಟ್ಟಿಸುವ ದುಭಾಷಿ ಅದು. ಅದು ತಪ್ಪಿದರೆ ಎಲ್ಲವೂ ತಪ್ಪು. ಇಷ್ಟು ತಿಳಿದುಕೊಂಡರೆ ಬೇರೆ ಯಾವ ಅಂಗಡಿಯಲ್ಲೂ ತೊಂದರೆಯಿಲ್ಲ. ಇಲ್ಲಿ ತೊಂದರೆ ಏನೆಂದರೆ, ಫ್ಯಾನಕ್ಕನ ಗಂಡ ಬಸ್ ಡ್ರೈವರು.

"ಅಕ್ಕ, ಡ್ರೈವರ್ ಹೋಗಿಬಿಟ್ಟಿದೆ" ಎಂದು ಗಿರಾಕಿ ಹೇಳಿದರೆ, ಅಂಗಡಿಯ ಹಿಂದಿನ ಪರದೆಯಾಚೆಯಿಂದ "ಇಲ್ಲೇ ಇದ್ದೀನಪ್ಪ" ಎಂಬ ಉತ್ತರ ಬರುತ್ತದೆ. ಅಕ್ಕನ ಗಂಡ ಆದ್ದರಿಂದ ಇಡೀ ಊರಿನ ಆಟಗಾರರಿಗೆ ಅವರು ಭಾವ. ಇಪ್ಪತ್ನಾಲ್ಕು ವರ್ಷ ಬಸ್ಸು ಓಡಿಸಿದ್ದಾರೆ. ಏಳು ತಿಂಗಳ ಹಿಂದೆ ಡಿಪೋದಲ್ಲಿ ಬಸ್ಸು ತೊಳೆಯುವ ಜಾಗದಲ್ಲಿ ಸೋಪಿನ ನೀರಿಗೆ ಜಾರಿ ಬಲಭುಜ ಮುರಿದುಕೊಂಡರು. "ರಸ್ತೆ ಮೇಲೆ ಒಂದು ಗೀರು ಮಾಡಿಲ್ಲ. ನಿಂತಿದ್ದ ಬಸ್ಸಿನ ಪಕ್ಕ ನಿಂತಿದ್ದಾಗ ಬಿದ್ದೆ. ಹೇಳಿಕೊಳ್ಳೋಕೂ ಮರ್ಯಾದೆ ಇಲ್ಲ" ಎನ್ನುತ್ತಾರೆ ಭಾವ.

ಮೂಳೆ ಕೂಡಿದೆ. ಡಾಕ್ಟರು ಸರಿ ಎಂದಿದ್ದಾರೆ. ಆದರೆ ಡಿಪೋದ ಹೊಸ ಕಾನೂನಿನ ಪ್ರಕಾರ ರಸ್ತೆಗಿಳಿಯುವ ಮುಂಚೆ ಡಿಪೋದ ಯಂತ್ರದ ಮೇಲೆ ಪರೀಕ್ಷೆ ಪಾಸಾಗಬೇಕು. ನಿಜವಾದ ಸೀಟು, ನಿಜವಾದ ಸ್ಟೀರಿಂಗು, ಎದುರಿನ ಪರದೆಯಲ್ಲಿ ಸುಳ್ಳು ರಸ್ತೆ. ಪಾಸಾದರೆ ಬಸ್ಸು. ಫೇಲಾದರೆ ಪ್ರಯಾಣಿಕರು ಮರೆತು ಬಿಟ್ಟುಹೋದ ವಸ್ತುಗಳ ಕೋಣೆ. ಮರೆಯುವವರು ಹೆಚ್ಚಾಗಿ ಮರೆಯುವುದು ಕೊಡೆ. ಹೀಗಾಗಿ ಡಿಪೋದ ಭಾಷೆಯಲ್ಲಿ ಅದು ಕೊಡೆ ಕಾಯುವ ಕೆಲಸ. ಅಲ್ಲಿಗೆ ಹೋದ ಡ್ರೈವರ್ ವಾಪಸ್ ಬಂದದ್ದಿಲ್ಲ. ಭಾವನ ಪರೀಕ್ಷೆ ಇವತ್ತೇ, ಮಧ್ಯಾಹ್ನ ಹನ್ನೆರಡಕ್ಕೆ.

ಅಭ್ಯಾಸಕ್ಕೆಂದು ಫ್ಯಾನಕ್ಕ ಗುಜರಿಯಿಂದ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಕಟ್ಟಿ, ಮೇಜಿಗೆ ಆಟದ ಸ್ಟೀರಿಂಗು ಬಿಗಿದು, ಬಸ್ಸು ಓಡಿಸುವ ಆಟ ಹಾಕಿಕೊಟ್ಟಿದ್ದಾರೆ. ಭಾವ ಮೂರು ವಾರದಿಂದ ಪರದೆಯಾಚೆ ದಿನಕ್ಕೆ ನಾಲ್ಕು ಟ್ರಿಪ್ ಹೊಡೆಯುತ್ತಾರೆ. ಕೂರುವ ಮುಂಚೆ ಚಪ್ಪಲಿ ಬಿಟ್ಟು ಶೂ ಹಾಕುತ್ತಾರೆ. ಆಟದ ಪ್ರಯಾಣಿಕರಿಗೆ "ಒಳಗೆ ಹೋಗಿ, ಒಳಗೆ ಖಾಲಿ ಇದೆ" ಎನ್ನುತ್ತಾರೆ.

ಇವತ್ತು ಆರು ಗಂಟೆಗೆ ಪರದೆಯಾಚೆ ಡಬ್ ಎಂದು ಸದ್ದಾಗುತ್ತದೆ. ಬಸ್ಸು ಕಂಬಕ್ಕೆ ಗುದ್ದಿದೆ. ನಿನ್ನೆ ಸಂಜೆಯಿಂದ ಇದು ಐದನೆಯ ಸಲ. ಮೂರನೇ ಸ್ಟಾಪು ದಾಟುತ್ತಿದ್ದ ಹಾಗೆ ಬಸ್ಸು ಎಡಕ್ಕೆ ಎಳೆಯುತ್ತದೆ, ಭಾವ ಬಲಕ್ಕೆ ತಿರುಗಿಸುತ್ತಾರೆ, ಬಸ್ಸು ಕೇಳುವುದಿಲ್ಲ.

ಭಾವ ಹೊರಗೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಶೂ ಬಿಚ್ಚುತ್ತಾರೆ. "ಆಗಲ್ಲ ಕಣೇ. ಭುಜ ಮಾತು ಕೇಳ್ತಿಲ್ಲ. ಹೋಗಿ ಕೊಡೆ ಕೆಲಸಾನೇ ಕೊಡಿ ಅಂತ ಹೇಳ್ಬಿಡ್ತೀನಿ. ಫೇಲಾಗಿ ಹೋಗೋದಕ್ಕಿಂತ ಕೇಳ್ಕೊಂಡು ಹೋಗೋದು ವಾಸಿ."

"ಕೆಟ್ಟಿರೋದು ಯಾವ ಡ್ರೈವರ್ರೀ?"

"ತಮಾಷೆ ಬೇಡ. ನಾನೇ."

"ಯಂತ್ರದ್ದೂ ಇರಬಹುದಲ್ಲ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಇಪ್ಪತ್ನಾಲ್ಕು ವರ್ಷ ಆದಮೇಲೆ ನಾನು ಹಾಗನ್ನಲಾ?"

ಫ್ಯಾನಕ್ಕ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ. "ನೆಲ ನಿಜವಾಗ್ಲೂ ಡೊಂಕಾಗಿದ್ರೆ? ಆ ಗಾದೆ ಮಾಡಿದವರು ಒಂದ್ಸಲಾನಾದ್ರೂ ನೆಲ ಅಳೆದು ನೋಡಿದ್ರಾ? ಎಲ್ಲಿ, ಬಸ್ಸು ಎಳೆಯೋ ಮುಂಚೆ ಏನು ಸದ್ದು ಬರುತ್ತೆ, ಮಾಡಿ ತೋರಿಸಿ."

"ನಾನು ಡ್ರೈವರ್. ಹಾರ್ನ್ ಅಲ್ಲ" ಎನ್ನುತ್ತಾರೆ ಭಾವ. ಈ ಅಂಗಡಿಯಲ್ಲಿ ಇಷ್ಟು ವರ್ಷದಲ್ಲಿ ಒಂದು ಸಲವೂ ಸದ್ದು ಮಾಡಿ ತೋರಿಸದ ಏಕೈಕ ವ್ಯಕ್ತಿ ಅವರೇ.

ಹಾಗಾದರೆ ಓಡಿಸಿಯಾದರೂ ತೋರಿಸಿ ಎಂದಾಗುತ್ತದೆ. ಶೂ ಮತ್ತೆ ಕಾಲಿಗೆ ಏರುತ್ತದೆ. ಫ್ಯಾನಕ್ಕ ಪಕ್ಕದ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಾರೆ. ಮೊದಲ ಸ್ಟಾಪು, ಸೂಂ. ಎರಡನೇ ಸ್ಟಾಪು, ಸೂಂ. ಹದಿನೆಂಟನೇ ನಿಮಿಷಕ್ಕೆ ಸೂಂ ಎಂಬುದು ಏರಿ ಏರಿ ಕೀಂ ಆಗುತ್ತದೆ. ಮರುಕ್ಷಣ ಡಬ್.

"ಮೊದಲು ಕೀಂ, ಆಮೇಲೆ ಡಬ್" ಎನ್ನುತ್ತಾರೆ ಫ್ಯಾನಕ್ಕ ಕಣ್ಣು ಬಿಟ್ಟು. "ಹದಿನೆಂಟು ನಿಮಿಷ. ನಿಮ್ಮ ಭುಜಕ್ಕೆ ಗಡಿಯಾರ ನೋಡೋಕೆ ಬರುತ್ತಾ?"

ಲ್ಯಾಪ್‌ಟಾಪ್ ಬಿಚ್ಚಿಕೊಳ್ಳುತ್ತದೆ. ಹದಿಮೂರು ತಿರುಪು ಮೊಟ್ಟೆಯ ಟ್ರೇಗೆ ಹೋಗುತ್ತವೆ. ಒಳಗೆ ಬಿಸಿ ಹೊರಹೋಗಬೇಕಾದ ಸಣ್ಣ ಸಣ್ಣ ಸಂದುಗಳಲ್ಲೆಲ್ಲ ಬೆಳ್ಳಗೆ ಮೆತ್ತಿಕೊಂಡಿದೆ: ಹಿಟ್ಟು. ಗೋಡೆಯ ಬಿರುಕಿನಿಂದ ಗಿರಣಿ ಮೂರು ವಾರ ಕಳಿಸಿದ ಪಾಲು. ಹೊಟ್ಟೆ ತುಂಬ ಹಿಟ್ಟು, ಮೈ ತುಂಬ ದೀಪ. ಊರಿನವರ ಲ್ಯಾಪ್‌ಟಾಪನ್ನೆಲ್ಲ ಗುಡಿಸಿದವರು ತಮ್ಮದನ್ನು ಗುಡಿಸಿರಲಿಲ್ಲ. ಬಿಸಿ ತೊಂಬತ್ತೇಳು ಡಿಗ್ರಿಗೆ ಹೋದಾಗ ಯಂತ್ರ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತಿತ್ತು. ಭಾವ ತಿರುಗಿಸಿದ್ದು ಅರ್ಧ ಕ್ಷಣ ತಡವಾಗಿ ಬಸ್ಸಿಗೆ ಮುಟ್ಟುತ್ತಿತ್ತು. ಅಷ್ಟರಲ್ಲಿ ಕಂಬ.

ಬ್ರಷ್ಷು, ಗಾಳಿ, ಚಿಪ್‌ನ ಮೇಲೆ ಒಣಗಿದ್ದ ಬಿಸಿ ದಾಟಿಸುವ ಪೇಸ್ಟನ್ನು ಒರೆಸಿ ಹೊಸದು. ಈ ನಡುವೆ ಬ್ಯಾಂಕ್ ಮ್ಯಾನೇಜರು ಬಂದು, ಸಲಹೆಯೊಂದನ್ನು ಕೊಡುತ್ತಾರೆ: "ಅಕ್ಕ, ಹೇಗೂ ಬಿಚ್ಚಿದ್ದೀರ, ಡ್ರೈವರನ್ನೂ ಈಗಲೇ ಬದಲಾಯಿಸಿಬಿಡಿ."

"ಎರಡನ್ನ ಒಟ್ಟಿಗೆ ಮುಟ್ಟಬಾರದು ಸಾರ್. ಸರಿಹೋದ್ರೆ ಯಾವುದು ಕಳ್ಳ ಅಂತ ಗೊತ್ತಾಗಲ್ಲ. ಒಬ್ಬೊಬ್ಬನನ್ನೇ ವಿಚಾರಿಸಬೇಕು."

ಎಂಟು ಗಂಟೆಗೆ ಭಾವ ಮತ್ತೆ ಹೊರಡುತ್ತಾರೆ. ಹದಿನೆಂಟು ನಿಮಿಷ ದಾಟುತ್ತದೆ. ಕೀಂ ಇಲ್ಲ. ಕಂಬ ಹಿಂದೆ ಸರಿಯುತ್ತದೆ, ಮ್ಯಾನೇಜರು ಚಪ್ಪಾಳೆ ತಟ್ಟುತ್ತಾರೆ. ಇಪ್ಪತ್ತೈದನೇ ನಿಮಿಷಕ್ಕೆ ಪರದೆ ಫಕ್ಕನೆ ಕಪ್ಪಾಗಿ, ಮತ್ತೆ ಬೆಳಗಿ, ಮೂಲೆಯಲ್ಲಿ ಒಂದು ಇಂಗ್ಲಿಷ್ ಸಾಲು ಮೂಡುತ್ತದೆ. ಮ್ಯಾನೇಜರು ಅದನ್ನು ಕನ್ನಡಕ್ಕೆ ತಂದು ಓದುತ್ತಾರೆ: "ಡ್ರೈವರ್ ಪ್ರತಿಕ್ರಿಯೆ ನೀಡುವುದನ್ನು ನಿಲ್ಲಿಸಿ, ಈಗ ಚೇತರಿಸಿಕೊಂಡಿದ್ದಾರೆ."

"ಇದನ್ನ ಡಿಪೋದವರು ಹಾಕಿಸಿದ್ರಾ?" ಎನ್ನುತ್ತಾರೆ ಭಾವ.

ಗಡಗಡ ಎಂದು ಗಿರಣಿ ಶುರುವಾಗುತ್ತದೆ. ಇನ್ನು ಕಣ್ಣಿನ ಕೆಲಸ. ನೋಡಿದರೆ, ಪರದೆಯ ಡ್ರೈವರು ನಿನ್ನೆ ಸಂಜೆ ಯಾರನ್ನೂ ಕೇಳದೆ ತಾನೇ ಹೊಸದಾಗಿ ಬಂದು ಕೂತಿದೆ. ಹಳೆಯ ಲ್ಯಾಪ್‌ಟಾಪಿಗೂ ಅದಕ್ಕೂ ಹೊಂದಾಣಿಕೆ ಇಲ್ಲ, ಮೊದಲೇ ಇದ್ದ ಬಿಸಿಯನ್ನು ಇನ್ನಷ್ಟು ಏರಿಸಿದ್ದೂ ಅದೇ. ಅದನ್ನು ಪೂರ್ತಿ ಕಿತ್ತು, ಹಳೆಯದನ್ನು ಹಾಕಬೇಕು. ಕಿತ್ತ ಕೂಡಲೇ ಪರದೆ ಮಂಜು ಮಂಜು. ಡ್ರೈವರ್ ಹಾಕದೆ ಪರದೆ ಬಾರದು, ಪರದೆ ಬಾರದೆ ಡ್ರೈವರ್ ಹಾಕಲಾಗದು ಎಂಬ ಹುಚ್ಚು-ಮದುವೆಯ ಸ್ಥಿತಿ. ಫ್ಯಾನಕ್ಕ ಮೂಗು ಪರದೆಗೆ ತಾಗಿಸಿ, ಗಿರಣಿಯ ಸದ್ದಿನ ಮೇಲೆ ಗಂಟಲು ಏರಿಸಿ ಗಂಡನಿಗೆ ವರದಿ ಒಪ್ಪಿಸುತ್ತಾರೆ: "ಡ್ರೈವರನ್ನ ತೆಗೆದುಹಾಕಿದ್ದೀನ್ರೀ."

ಗಿರಣಿ ನಿಲ್ಲುತ್ತದೆ. ತಲೆಯಿಂದ ಕಾಲಿನವರೆಗೆ ಬಿಳಿಯಾದ ಗಿರಣಿಯವರು ಓಡಿ ಬರುತ್ತಾರೆ. "ಏನಮ್ಮ ಇದು, ಪರೀಕ್ಷೆಗೆ ಮೊದಲೇ ಭಾವನ್ನ ತೆಗೆದುಬಿಟ್ರಾ? ನನಗೆ ಪರಿಚಯದವರಿದ್ದಾರೆ, ಹೋಗಿ ಮಾತಾಡೋಣ."

ಅವರನ್ನು ಸಮಾಧಾನ ಮಾಡಿ, ಗೋಡೆಯ ಬಿರುಕು ತೋರಿಸಿ, ಹಿಟ್ಟಿನ ವಿಷಯಕ್ಕೆ ಬಂದ ಕೂಡಲೇ ಅವರಿಗೆ ಗಿರಣಿಯ ಕೆಲಸ ನೆನಪಾಗಿ ವಾಪಸ್ ಹೋಗುತ್ತಾರೆ. ಹತ್ತು ಗಂಟೆಗೆ ಫ್ಯಾನಕ್ಕ ಕೈ ಒರೆಸಿಕೊಳ್ಳುತ್ತಾರೆ. "ಹೊಸ ಡ್ರೈವರ್ ಸರಿಯಿರಲಿಲ್ಲ. ಹಳೇ ಡ್ರೈವರನ್ನೇ ಕೂರಿಸಿದೆ. ಹಳೇದೇ ವಾಸಿ."

"ಈ ಮಾತನ್ನ ಡಿಪೋದವರಿಗೆ ಬರೆದು ಕೊಡ್ತೀಯಾ?" ಎನ್ನುತ್ತಾರೆ ಭಾವ. ಬೆಳಗಿನಿಂದ ಅವರು ನಕ್ಕಿದ್ದು ಇದೇ ಮೊದಲು. ಆಮೇಲೆ ನಲವತ್ತು ನಿಮಿಷ ಒಂದು ಕಂಬವನ್ನೂ ಮುಟ್ಟದೆ ಓಡಿಸಿ, ಶೂ ಒರೆಸಿಕೊಂಡು ಹೊರಡುತ್ತಾರೆ.

ಹನ್ನೆರಡಾಗುತ್ತದೆ. ಫ್ಯಾನಕ್ಕ ಮ್ಯಾನೇಜರ ಲ್ಯಾಪ್‌ಟಾಪ್ ಮುಚ್ಚುತ್ತಾರೆ, ಮತ್ತೆ ಬಿಚ್ಚುತ್ತಾರೆ. ಟ್ರೇಯಲ್ಲಿ ಒಂದು ತಿರುಪು ಉಳಿದಿದೆ. "ಇವತ್ತು ಕೈ ನನ್ನ ಮಾತು ಕೇಳ್ತಿಲ್ಲ" ಎಂದು ತಮಗೇ ಹೇಳಿಕೊಳ್ಳುತ್ತಾರೆ. ಹನ್ನೆರಡೂ ನಲವತ್ತಕ್ಕೆ ಫೋನು. ಸ್ಪೀಕರಿಗೆ ಹಾಕುತ್ತಾರೆ.

"ನಿಲ್ಲಿಸಿಬಿಟ್ಟೆ ಕಣೇ" ಎನ್ನುತ್ತಾರೆ ಭಾವ.

"ಏನನ್ನ?"

"ಪರೀಕ್ಷೆ. ಬಸ್ಸು ಎಡಕ್ಕೆ ಎಳೀತು. ನಾನು ಬ್ರೇಕ್ ಹಾಕಿ ಇಳಿದುಬಿಟ್ಟೆ. ಡ್ರೈವರ್ ಸರಿಯಿದ್ದಾನೆ, ಡ್ರೈವರ್ ಸರಿಯಿಲ್ಲ ಸಾರ್ ಅಂದೆ. ಸಾಹೇಬ್ರು ನನಗೆ ಭುಜದ ಜೊತೆ ತಲೆಗೂ ಏಟಾಗಿದೆ ಅಂದ್ಕೊಂಡಿದ್ದಾರೆ."

ಹಿಂದಿನಿಂದ ಡಿಪೋ ಸಾಹೇಬರ ದಪ್ಪ ದನಿ ಕೇಳುತ್ತದೆ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ವಾರ ಬಂದ ಮೂವರೂ ಹೀಗೇ ಅಂದ್ರು. ಮೂವರೂ ಈಗ ಕೊಡೆ ಕಾಯ್ತಿದ್ದಾರೆ."

ಫ್ಯಾನಕ್ಕ ಗಂಡನನ್ನು ಕೇಳುತ್ತಾರೆ. "ಎಳೆಯೋ ಮುಂಚೆ ಏನು ಸದ್ದು ಬಂತು?"

"ಈಗ ಬೇಡ ಕಣೇ" ಎನ್ನುತ್ತಾರೆ ಭಾವ.

"ರೀ, ಸದ್ದು ಕೇಳದೆ ನಾನು ಏನೂ ಹೇಳಲಾರೆ. ಮಾಡಿ ತೋರಿಸಿ."

"ಇಲ್ಲಿ ಸಾಹೇಬ್ರಿದ್ದಾರೆ. ಕಂಡಕ್ಟರುಗಳಿದ್ದಾರೆ."

"ಕೊಡೆಗಳೂ ಇವೆ" ಎನ್ನುತ್ತಾರೆ ಫ್ಯಾನಕ್ಕ.

ಭಾವ ಗಂಟಲು ಸರಿಮಾಡಿಕೊಳ್ಳುವುದು ಕೇಳುತ್ತದೆ. ಆಮೇಲೆ ಮೆಲ್ಲಗೆ, "ಸೂಂ."

"ಜೋರಾಗಿ. ಇಲ್ಲಿ ಗಿರಣಿ ಓಡ್ತಿದೆ."

"ಸೂಂಂಂ… ಊಂಂಂ… ಮ್ಮ್ಮೀಂಂಂ." ಇಪ್ಪತ್ನಾಲ್ಕು ವರ್ಷದ ಗಾಂಭೀರ್ಯ ಒಂದೇ ಉಸಿರಿನಲ್ಲಿ ಹೊರಬೀಳುತ್ತದೆ. ಡಿಪೋದ ಕೋಣೆಯಲ್ಲಿ ಯಾರೋ ನಕ್ಕು, ಯಾರೋ ಅವರನ್ನು ಗದರಿಸಿದ ಸದ್ದು.

"ಕೊನೇಲಿ ಬಾಯಿ ಮುಚ್ಚಿಕೊಂಡ್ರಿ. ನಾಚಿಕೆಗಾ, ಸದ್ದೇ ಹಾಗಿತ್ತಾ?"

"ಸದ್ದೇ ಹಾಗಿತ್ತು."

"ಹಾಗಾದ್ರೆ ಅದನ್ನ ಎಲ್ಲೋ ಮುಚ್ಚಿಟ್ಟಿದ್ದಾರೆ. ಗಾಳಿಯಿಲ್ಲ. ಸಾಹೇಬ್ರನ್ನ ಕೇಳಿ, ಯಂತ್ರ ಎಲ್ಲಿದೆ ಅಂತ."

ಸಾಹೇಬರ ದನಿ ಸ್ವಲ್ಪ ತೆಳ್ಳಗಾಗುತ್ತದೆ. "ಸೀಟಿನ ಕೆಳಗೆ, ಮರದ ಪೆಟ್ಟಿಗೇಲಿ. ಕಳುವಾಗಬಾರದು ಅಂತ ಹೋದ ತಿಂಗಳು ಬೀಗ ಹಾಕಿಸಿದೆ. ನಿಮಗೆ ಹೇಗೆ ಗೊತ್ತಾಯ್ತಮ್ಮ?"

"ನಮ್ಮನೆಯವರು ಹೇಳಿದ್ರಲ್ಲ ಸಾರ್, ಈಗ ತಾನೆ."

ಅರ್ಧ ಗಂಟೆಯಲ್ಲಿ ಡಿಪೋದ ಜೀಪು ಅಂಗಡಿಯ ಮುಂದೆ ನಿಲ್ಲುತ್ತದೆ. ಫ್ಯಾನಕ್ಕ ಬ್ರಷ್ಷು, ಪೇಸ್ಟು, ನೋಟುಬುಕ್ಕು, ಮೊಟ್ಟೆಯ ಟ್ರೇ ಹಿಡಿದು ಹತ್ತುತ್ತಾರೆ. ಡಿಪೋದಲ್ಲಿ ಪೆಟ್ಟಿಗೆಯ ಕೀಲಿಕೈ ಇರುವವರು ಊಟಕ್ಕೆ ಹೋಗಿದ್ದಾರೆ. ಅವರು ಬಂದು ಬೀಗ ತೆಗೆದಾಗ ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ. ಕತ್ತಲ ಪೆಟ್ಟಿಗೆಯಲ್ಲಿ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಯಾರಿಗೂ ಕಾಣದಂತೆ ಏಳು ಬಣ್ಣದಲ್ಲಿ ಮಿನುಗುತ್ತ ಬೇಯುತ್ತಿದೆ. ಸಾಹೇಬರು ಬಗ್ಗಿ ನೋಡಿ, "ಇದಕ್ಕೆ ದೀಪ ಬೇರೆ ಇದೆಯಾ?" ಎನ್ನುತ್ತಾರೆ.

ಕಿವಿಯ ಕೆಲಸ ಮುಗಿಸಿ ಕಣ್ಣಿನ ಕೆಲಸಕ್ಕೆ ಕೂತ ಫ್ಯಾನಕ್ಕ ಕೇಳುತ್ತಾರೆ: "ಬೀಗ ಹಾಕಿದ್ದು ಹೋದ ತಿಂಗಳು. ಜನ ಫೇಲಾಗ್ತಿರೋದು ಯಾವತ್ತಿನಿಂದ ಸಾರ್?"

"ಸೋಮವಾರದಿಂದ. ಅದಕ್ಕೆ ಮುಂಚೆ ಹೇಗೋ ಪಾಸಾಗ್ತಿದ್ರು. ಡ್ರೈವರುಗಳಿಗೆ ಸೋಮಾರಿತನ ಬಂದಿದೆ."

"ಸೋಮವಾರ ಹೊಸ ಡ್ರೈವರ್ ಬಂದಿದೆ ಸಾರ್."

"ಇಲ್ಲವಲ್ಲ. ಎರಡು ವರ್ಷದಿಂದ ಹೊಸಬರನ್ನ ನಾವು ತಗೊಂಡೇ ಇಲ್ಲ."

ಭಾವ ನಡುವೆ ಬಂದು ಸಾಹೇಬರಿಗೆ ಎರಡು ಬಗೆಯ ಡ್ರೈವರುಗಳ ವ್ಯತ್ಯಾಸ ವಿವರಿಸುತ್ತಾರೆ, ಕೈ ಬಾಯಿ ತಿರುಗಿಸಿ, ಅಗತ್ಯ ಬಿದ್ದ ಕಡೆ ಸದ್ದು ಸಮೇತ. ಒಮ್ಮೆ ಶುರುಮಾಡಿದ ಮೇಲೆ ಅವರಿಗೆ ನಿಲ್ಲಿಸುವುದು ಕಷ್ಟವಾಗುತ್ತಿದೆ. ಅಷ್ಟರಲ್ಲಿ ಫ್ಯಾನಕ್ಕ ಹೊಸದನ್ನು ಕಿತ್ತು ಹಳೆಯದನ್ನು ಹಾಕಿ, ಪೆಟ್ಟಿಗೆಯ ಬಾಗಿಲನ್ನು ಕೀಲಿನಿಂದಲೇ ಬಿಚ್ಚಿ ಗೋಡೆಗೆ ಒರಗಿಸುತ್ತಾರೆ. "ಬೀಗ ಬೇಕಾದ್ರೆ ಬಾಗಿಲಿಗೆ ಹಾಕಿಡಿ ಸಾರ್. ಬಾಗಿಲು ಮಾತ್ರ ಇಲ್ಲೇ ಇರಲಿ."

ಮೂರೂವರೆಗೆ ಭಾವ ಮತ್ತೆ ಸೀಟಿನಲ್ಲಿ ಕೂರುತ್ತಾರೆ. ನಲವತ್ತು ನಿಮಿಷ. ಮಳೆ, ಇಳಿಜಾರು, ಅಡ್ಡಬಂದ ದನ, ಸಿಗ್ನಲ್ಲು. ಫ್ಯಾನಕ್ಕ ಪರದೆ ನೋಡುವುದಿಲ್ಲ. ಸೀಟಿನ ಕೆಳಗೆ, ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಕಣ್ಣು ಮುಚ್ಚಿದ್ದಾರೆ. ಬಾಗಿಲಲ್ಲಿ ಕೊಡೆಯ ಕೋಣೆಯಿಂದ ಬಂದ ಮೂವರು ಡ್ರೈವರುಗಳು ಉಸಿರು ಬಿಗಿಹಿಡಿದು ನಿಂತಿದ್ದಾರೆ. ಸೂಂ ಎಂಬುದು ಕೊನೆಯವರೆಗೂ ಸೂಂ ಆಗಿಯೇ ಇರುತ್ತದೆ. ಬಸ್ಸು ಡಿಪೋಗೆ ಬಂದು ನಿಂತಾಗ ಪರದೆಯಲ್ಲಿ ತಪ್ಪುಗಳ ಸಂಖ್ಯೆ ಸೊನ್ನೆ.

ಸಾಹೇಬರು ಕಾಗದಕ್ಕೆ ಸಹಿ ಹಾಕುತ್ತಾರೆ. ಭಾವನಿಗೆ ನಾಳೆಯಿಂದಲೇ ಡ್ಯೂಟಿ, ಐದು ಹತ್ತರ ಮೊದಲ ಬಸ್ಸು. ಉಳಿದ ಮೂವರಿಗೆ ಇನ್ನೊಮ್ಮೆ ಪರೀಕ್ಷೆ. ಅವರಲ್ಲಿ ಹಿರಿಯರಾದ ಒಬ್ಬರು ಫ್ಯಾನಕ್ಕನ ಟ್ರೇಯನ್ನು ತಾವೇ ಎತ್ತಿಕೊಂಡು ನಿಲ್ಲುತ್ತಾರೆ. ಡಿಪೋದ ಕಡೆಯಿಂದ ಒಂದು ಸಣ್ಣ ಸನ್ಮಾನ ಮಾಡೋಣ, ಏನು ಬೇಕು ಹೇಳಿ ಎನ್ನುತ್ತಾರೆ ಸಾಹೇಬರು.

"ಸನ್ಮಾನ ಬೇಡ ಸಾರ್. ನಾಳೆ ಇವರ ಬಸ್ಸಲ್ಲಿ ಮುಂದಿನ ಸೀಟು ಒಂದು ಹಿಡಿದಿಡಿ. ಟಿಕೆಟ್ ನಾನೇ ತಗೋತೀನಿ."

"ಐದು ಹತ್ತಕ್ಕೆ ನಿನ್ನ ಅಂಗಡಿ ಕಣೇ" ಎನ್ನುತ್ತಾರೆ ಭಾವ. ಇಬ್ಬರ ಕೆಲಸವೂ ಬೆಳಗಿನ ಜಾವಕ್ಕೇ. ಒಬ್ಬರು ಷಟರ್ ಎತ್ತುವಾಗ ಇನ್ನೊಬ್ಬರು ಗೇರು ಹಾಕಿರುತ್ತಾರೆ. ಮದುವೆಯಾದಾಗಿನಿಂದ ಆಕೆ ಗಂಡನ ಬಸ್ಸು ಹತ್ತಿದ್ದೇ ಇಲ್ಲ.

"ಒಂದು ದಿನ ಮುಚ್ಚಿರುತ್ತೆ. ಗುರ್ರ್ ಅನ್ನೋವು ಇನ್ನೊಂದು ದಿನ ಗುರ್ರ್ ಅಂತವೆ" ಎಂದು ಫ್ಯಾನಕ್ಕ ಸೀರೆಗೆ ಅಂಟಿದ ಧೂಳು ಕೊಡವಿಕೊಂಡು ಏಳುತ್ತಾರೆ. "ಮೂರು ವಾರದಿಂದ ಇವರು ಮೇಜಿನ ಮೇಲೆ ಬಸ್ಸು ಓಡಿಸೋದನ್ನ ನೋಡಿದ್ದೀನಿ ಸಾರ್. ರಸ್ತೆ ಮೇಲೆ ಓಡಿಸೋದನ್ನ ಒಂದ್ಸಲ ನೋಡ್ಬೇಕು."